ಎದೆಯ ಬಾಧೆಯೂ ನೆರೆಯವರ ನಗೆಯೂ

ಮನುಷ್ಯನ ಶರೀರಕ್ಕೆ ತಟ್ಟುವ ಬಾಧೆಗಳಲ್ಲಿ ಎರಡು ಬಗೆಗಳುಂಟು. ಹೇಳಿಕೊಂಡರೆ ನಾಲ್ವರ ಮರುಕ ದೊರೆಯುವಂಥವು ಕೆಲವು. ಹೇಳಿಕೊಂಡರೆ ನಾಲ್ವರ ನಗೆಗೆ ಈಡುಮಾಡುವಂಥವು ಮತ್ತೆ ಕೆಲವು. ಜ್ವರ ಬಂದವನ ಹಣೆ ಮುಟ್ಟಿ ನೋಡುವವರುಂಟು. ಕಾಲು ಮುರಿದವನಿಗೆ ಹೆಗಲು ಕೊಡುವವರುಂಟು. ಆದರೆ ಗಂಡುಹುಡುಗನೊಬ್ಬನ ಎದೆ ಹೆಂಗಸರ ಎದೆಯಂತೆ ಉಬ್ಬಿಕೊಂಡಿತೆನ್ನಿ, ಅವನ ಪಾಲಿಗೆ ಮದ್ದೂ ಇಲ್ಲ, ಮರುಕವೂ ಇಲ್ಲ. ದೊರೆಯುವುದು ಒಂದು ಅಡ್ಡಹೆಸರು ಮಾತ್ರ. ಊರಿನ ಶಾಲೆಯಲ್ಲಿ ಇಟ್ಟ ಆ ಹೆಸರು ಮುಂಬಯಿಯ ಖೋಲಿಯವರೆಗೂ ಅವನ ಬೆನ್ನು ಹತ್ತಿ ಬರುತ್ತದೆ.

ಇಂಥ ವಿಷಯವನ್ನು ಮನೆಮಂದಿಯೆಲ್ಲ ಓದುವ ದೈನಿಕದಲ್ಲಿ ಚರ್ಚಿಸುವುದು ಉಚಿತವೆ ಎಂದು ಕೆಲವು ವಾಚಕರು ಕೇಳಿಯಾರು. ಉಚಿತವೆಂದೇ ನಮ್ಮ ಅಭಿಮತ. ಇಂಥ ಪತ್ರಿಕೆ ಸುಮ್ಮನಿದ್ದರೆ ಈ ಹುಡುಗರಿಗೆ ಬುದ್ಧಿ ಹೇಳುವವರು ಯಾರು? ಲೋಕಲ್ ಗಾಡಿಯ ಡಬ್ಬಿಯೊಳಗೆ ಚೀಟಿ ಅಂಟಿಸುವವರು ಮತ್ತು ಮೊಬೈಲಿನ ಪರದೆಯ ಮೇಲೆ ಜಾಹೀರಾತು ತೋರಿಸುವವರು. ನಾವು ವೈದ್ಯರಲ್ಲ, ಎಸ್.ಎಸ್.ಎಲ್.ಸಿ. ಮುಗಿಸಿ, ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ವರ್ಷಗಟ್ಟಲೆ ಕುಳಿತು, ಅಲ್ಲಿಂದ ಪತ್ರಿಕೆಯ ಮೇಜಿಗೆ ಬಂದವರು. ಆದರೂ ವೈದ್ಯಶಾಸ್ತ್ರವು ನಿಶ್ಚಯವಾಗಿ ಬಲ್ಲ ಸಂಗತಿಗಳನ್ನು ಕೇಳಿ ತಿಳಿದು, ಸಂಕೋಚವಿಲ್ಲದೆ ವಾಚಕರ ಮುಂದಿಡುವುದು ಪತ್ರಿಕೆಯ ಧರ್ಮವೆಂದು ನಾವು ಭಾವಿಸುತ್ತೇವೆ.

ಈ ಸ್ಥಿತಿಗೆ ವೈದ್ಯರು ಹೇಳುವ ಹೆಸರು ಗೈನಕೊಮಾಸ್ಟಿಯ. ಹೆಣ್ಣು, ಸ್ತನ ಎಂಬ ಅರ್ಥಗಳುಳ್ಳ ಎರಡು ಗ್ರೀಕ್ ಶಬ್ದಗಳಿಂದಾದ ಈ ಪದವು ಎರಡನೆಯ ಶತಮಾನದ ವೈದ್ಯ ಗೇಲನನ ಕಾಲದಷ್ಟು ಹಳೆಯದು. ಗಂಡಸಿನ ಮೊಲೆತೊಟ್ಟಿನ ಹಿಂದೆಯೂ ಹುಟ್ಟಿನಿಂದಲೇ ಅಲ್ಪಸ್ವಲ್ಪ ಸ್ತನಗ್ರಂಥಿ ಇರುತ್ತದೆ. ಅಂತೆಯೇ ಗಂಡಸಿನ ದೇಹದಲ್ಲಿ ಟೆಸ್ಟೊಸ್ಟಿರೋನ್ ಎಂಬ ಪುರುಷ ಹಾರ್ಮೋನಿನ ಜೊತೆಗೆ ಈಸ್ಟ್ರೊಜನ್ ಎಂಬ ಸ್ತ್ರೀ ಹಾರ್ಮೋನೂ ಸ್ವಲ್ಪ ಉಂಟು. ಇವೆರಡರ ತಕ್ಕಡಿ ಈಸ್ಟ್ರೊಜನ್ನಿನ ಕಡೆಗೆ ವಾಲಿದಾಗ ಆ ಗ್ರಂಥಿ ಬೆಳೆಯುತ್ತದೆ. ತೊಟ್ಟಿನ ಅಡಿಯಲ್ಲಿ ಬಿಲ್ಲೆಯಂತೆ ಬೆರಳಿಗೆ ಸಿಕ್ಕುತ್ತದೆ. ಒತ್ತಿದರೆ ನೋವೂ ಇರಬಹುದು. ಮೈಯಲ್ಲಿ ಬೊಜ್ಜು ಬಂದು ಎದೆಯಲ್ಲೂ ಕೊಬ್ಬು ಕೂಡಿಕೊಳ್ಳುವುದು ಬೇರೆ ಸಂಗತಿ. ಅಲ್ಲಿ ಬಿಲ್ಲೆ ಇರುವುದಿಲ್ಲ, ತೂಕ ಇಳಿದರೆ ಎದೆಯೂ ಬಹಳಮಟ್ಟಿಗೆ ಇಳಿಯುತ್ತದೆ. ಹಲವರಲ್ಲಿ ಇವೆರಡೂ ಕೂಡಿಯೇ ಇರುವುದುಂಟು. ಇದಾವುದೂ ಹುಡುಗನ ಗುಣಕ್ಕಾಗಲಿ ನಡತೆಗಾಗಲಿ ಸಂಬಂಧಿಸಿದ್ದಲ್ಲ. ಕೆಟ್ಟ ಚಟದಿಂದ ಹೀಗಾಯಿತೆಂದು ಹೇಳುವ ಹಿರಿಯರು ತಮ್ಮ ಅಜ್ಞಾನವನ್ನೇ ಸಾರುತ್ತಾರೆ.

ಈ ಬಾಧೆ ಅಪರೂಪವೂ ಅಲ್ಲ. ಗಂಡಸಿನ ಆಯುಷ್ಯದಲ್ಲಿ ಮೂರು ಘಟ್ಟಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಮೊದಲನೆಯದು ಹಸುಳೆತನ. ತಾಯಿಯ ಹಾರ್ಮೋನಿನ ಪ್ರಭಾವದಿಂದ ಹುಟ್ಟಿದ ಶಿಶುವಿನ ಎದೆ ಉಬ್ಬಿ, ಕೆಲವೊಮ್ಮೆ ಹಾಲಿನಂಥ ದ್ರವವೂ ಒಸರುತ್ತದೆ. ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಅದನ್ನು ಹಿಂಡಿ ತೆಗೆಯುವ ಪದ್ಧತಿ ನಮ್ಮಲ್ಲಿ ಕೆಲವೆಡೆ ಇನ್ನೂ ಉಂಟು. ಹಿಂಡಿದರೆ ಕೀವಾಗುವ ಅಪಾಯವಿದೆ, ಹಾಗೆ ಮಾಡಲೇಬಾರದು. ಎರಡನೆಯದು ಮೀಸೆ ಮೂಡುವ ಪ್ರಾಯ. ಅಮೆರಿಕದಲ್ಲಿ ಬಾಲಚಮೂ ಶಿಬಿರಕ್ಕೆ ಬಂದ 1,800ಕ್ಕೂ ಹೆಚ್ಚು ಹುಡುಗರನ್ನು ಪರೀಕ್ಷಿಸಿ 1961ರಲ್ಲಿ ಪ್ರಕಟಿಸಿದ ವರದಿಯೊಂದರಲ್ಲಿ ಸುಮಾರು ಹತ್ತಕ್ಕೆ ನಾಲ್ವರಲ್ಲಿ ಇದು ಕಂಡುಬಂದಿತ್ತು. 14ರ ಆಸುಪಾಸಿನಲ್ಲಿ ಇನ್ನೂ ಹೆಚ್ಚು. ಇವರಲ್ಲಿ ಬಹುಪಾಲು ಹುಡುಗರಿಗೆ ಆರು ತಿಂಗಳಿಂದ ಎರಡು ವರ್ಷಗಳೊಳಗೆ ಯಾವ ಮದ್ದೂ ಇಲ್ಲದೆ ಅದು ಕರಗಿಹೋಗುತ್ತದೆ. ಮೂರನೆಯದು ಐವತ್ತು ದಾಟಿದ ಮೇಲಿನ ವಯಸ್ಸು; ಪುರುಷ ಹಾರ್ಮೋನು ಇಳಿಮುಖವಾಗಿ, ಕೊಬ್ಬು ಏರುಮುಖವಾಗುವ ಕಾಲ.

ಈ ಮೂರು ಘಟ್ಟಗಳ ಹೊರತಾಗಿ ಎದೆ ಬೆಳೆದರೆ ಅದಕ್ಕೆ ಬೇರೊಂದು ಕಾರಣವನ್ನು ಹುಡುಕಬೇಕಾಗುತ್ತದೆ. ಮೊದಲನೆಯದಾಗಿ, ನಾವು ನುಂಗುವ ಔಷಧಗಳು. ಹೃದಯ ಮತ್ತು ಯಕೃತ್ತಿನ ರೋಗಿಗಳಿಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್, ಹಿಂದೆ ಹೊಟ್ಟೆಯ ಹುಣ್ಣಿಗೆ ಬಹಳವಾಗಿ ಕೊಡುತ್ತಿದ್ದ ಸಿಮೆಟಿಡೀನ್, ತಲೆಗೂದಲು ಉದುರದಿರಲೆಂದು ಇಂದಿನ ತರುಣರು ನುಂಗುವ ಫಿನಾಸ್ಟರೈಡ್ ಇವೆಲ್ಲವೂ ಆ ಸಾಲಿನವು. ಮೈಕಟ್ಟು ಬೆಳೆಸುವ ಹುಚ್ಚಿನಿಂದ ವ್ಯಾಯಾಮಶಾಲೆಗಳಲ್ಲಿ ಚುಚ್ಚಿಸಿಕೊಳ್ಳುವ ಸ್ಟೆರಾಯ್ಡುಗಳಂತೂ ಕುಖ್ಯಾತವಾಗಿವೆ. ಎದೆ ಗಂಡಸಿನಂತೆ ಹರವಾಗಲೆಂದು ಚುಚ್ಚಿಸಿಕೊಂಡದ್ದು ದೇಹದಲ್ಲಿ ಈಸ್ಟ್ರೊಜನ್ನಾಗಿ ಮಾರ್ಪಟ್ಟು ಎದೆಯನ್ನು ಹೆಂಗಸಿನಂತೆ ಮಾಡುತ್ತದೆ! ಎರಡನೆಯದಾಗಿ, ಕುಡಿತದಿಂದ ಕೆಟ್ಟ ಯಕೃತ್ತು, ಸೋತ ಮೂತ್ರಪಿಂಡ, ಮಿತಿಮೀರಿ ಕೆಲಸ ಮಾಡುವ ಥೈರಾಯ್ಡ್ ಗ್ರಂಥಿ. ಮೂರನೆಯದಾಗಿ, 1942ರಲ್ಲಿ ಅಮೆರಿಕದ ವೈದ್ಯ ಕ್ಲೈನ್‌ಫೆಲ್ಟರನು ವರ್ಣಿಸಿದ, ಹುಟ್ಟಿನಿಂದಲೇ ಒಂದು ಎಕ್ಸ್ ವರ್ಣತಂತು ಹೆಚ್ಚಾಗಿರುವ ಸ್ಥಿತಿ. ಕೊನೆಯದಾಗಿ, ಅಪರೂಪವಾದರೂ ಮರೆಯಬಾರದ ವೃಷಣದ ಗಡ್ಡೆ. ಎದೆಯ ದೂರು ಹೇಳಿಕೊಂಡು ಬಂದ ತರುಣನ ವೃಷಣವನ್ನೂ ಬಲ್ಲ ವೈದ್ಯರು ಮುಟ್ಟಿ ನೋಡುವುದು ಈ ಕಾರಣದಿಂದಲೇ. ಹೀಗೆ ನೋಡದೆ ನೇರವಾಗಿ ಶಸ್ತ್ರಕ್ರಿಯೆಯ ದಿನಾಂಕ ಕೊಡುವವನು ಎಂಥ ವೈದ್ಯನೆಂದು ವಾಚಕರೇ ಊಹಿಸಬಹುದು.

ಇನ್ನು ಎರಡನೆಯ ಮಹಾಯುದ್ಧದ ಒಂದು ಸಂಗತಿ. ಸೆರೆಶಿಬಿರಗಳಲ್ಲಿ ಉಪವಾಸ ಬಿದ್ದಿದ್ದ ಸೈನಿಕರು 1945ರಲ್ಲಿ ಬಿಡುಗಡೆಯಾಗಿ ಹೊಟ್ಟೆ ತುಂಬ ಉಣ್ಣತೊಡಗಿದಾಗ ಅವರಲ್ಲಿ ಅನೇಕರಿಗೆ ಎದೆ ಉಬ್ಬಿಕೊಂಡಿತು. ಹಸಿವಿನಿಂದ ಮಲಗಿದ್ದ ಗ್ರಂಥಿಗಳೆಲ್ಲ ಒಮ್ಮೆಲೆ ಎಚ್ಚೆತ್ತು ದೇಹವು ಮತ್ತೊಂದು ಹರೆಯವನ್ನೇ ಕಂಡಂತಾಗಿತ್ತು. ಯುದ್ಧಭೂಮಿಯಲ್ಲಿ ಹೋರಾಡಿ, ಸೆರೆಯ ನರಕವನ್ನು ದಾಟಿ ಬಂದ ಆ ವೀರರನ್ನು ಗಂಡಸರಲ್ಲವೆಂದು ಕರೆಯುವ ಧೈರ್ಯ ಯಾರಿಗಿದೆ? ಹಾಗಿದ್ದರೆ ಅದೇ ಮಾತನ್ನು ಊಟದ ಬಟ್ಟಲು ಎತ್ತುವ ಹದಿನೆಂಟರ ಹುಡುಗನಿಗೆ ಅನ್ನುವ ಧೈರ್ಯ ನಮಗೆಲ್ಲಿಂದ ಬಂತು?

ನಮ್ಮ ಸಮಾಜದಲ್ಲಿ ಈ ಬಾಧೆ ಎರಡು ಪಟ್ಟು ತೀಕ್ಷ್ಣವಾಗಲು ಕಾರಣವುಂಟು. ಬೇರೆ ಊರಿನ ಹುಡುಗ ದಪ್ಪ ಅಂಗಿ ತೊಟ್ಟು ಮರೆಮಾಚಿಕೊಂಡಾನು. ನಮ್ಮವನು ಎಲ್ಲಿ ಮರೆಮಾಚಬೇಕು? ಉಡುಪಿಯ ಶ್ರೀಕೃಷ್ಣ ಮಠಕ್ಕೆ ಹೋದರೆ ಗಂಡಸರು ಅಂಗಿ ಬನಿಯನು ಕಳಚಬೇಕು. ಧರ್ಮಸ್ಥಳಕ್ಕೆ ಹೋದರೂ ಅಷ್ಟೆ. ಉಪನಯನದಲ್ಲಿ ಬರಿಮೈ, ಧಾರೆಯ ಮಂಟಪದಲ್ಲಿ ಹೆಗಲ ಮೇಲೊಂದು ಶಲ್ಯ, ಶ್ರಾದ್ಧದಲ್ಲಿ ಪುನಃ ಬರಿಮೈ. ದುಡಿಯಲೆಂದು ಮುಂಬಯಿಗೆ, ಪುಣೆಗೆ ಬಂದರೆ ಒಲೆಯ ಮುಂದಿನ ಬೇಗೆಯಲ್ಲಿ ಎಲ್ಲರೂ ಬನಿಯನಿನ ಮೇಲೆ, ಇಲ್ಲವೆ ಬರಿಮೈಯಲ್ಲಿ. ಮಲಗುವುದು ಹತ್ತು ಜನರ ನಡುವೆ. ಸ್ನಾನ ಒಂದೇ ನಳದ ಕೆಳಗೆ. ಈ ಪದ್ಧತಿಗಳು ತಪ್ಪೆಂದು ನಾವು ಹೇಳುತ್ತಿಲ್ಲ. ಬರಿಮೈ ತೋರಿಸದೆ ನಿರ್ವಾಹವಿಲ್ಲದ ಸಮಾಜವು ಬರಿಮೈಯನ್ನು ನೋಡಿ ನಗುವ ಹಕ್ಕನ್ನು ಬಿಟ್ಟುಕೊಡಬೇಕು ಎಂದಷ್ಟೆ ನಮ್ಮ ವಾದ.

ನಮ್ಮ ಹೋಟೆಲಿನಲ್ಲಿ ಕುಂದಾಪುರದ ಕಡೆಯ ಹತ್ತೊಂಬತ್ತು ವರ್ಷದ ಹುಡುಗನೊಬ್ಬನಿದ್ದ. ವೈಶಾಖದ ಸೆಕೆಯಲ್ಲೂ ಬನಿಯನಿನ ಮೇಲೊಂದು ಅಂಗಿ, ಅಂಗಿಯ ಮೇಲೆ ಮತ್ತೊಂದು. ಎಲ್ಲರೂ ಮಲಗಿದ ಮೇಲೆ ಅವನ ಸ್ನಾನ. ಅಕ್ಕನ ಮದುವೆಗೆ ರಜೆ ಕೊಟ್ಟರೂ ಊರಿಗೆ ಹೋಗಲೊಲ್ಲ. ಮದುವೆಯ ಮರುದಿನ ಮನೆಮಂದಿಯೆಲ್ಲ ದೇವರ ದರ್ಶನಕ್ಕೆ ಹೋಗುವುದಿತ್ತು ಎಂಬುದೇ ಅವನ ಭಯ. ಹುಡುಗ ಮೂರು ತಿಂಗಳ ಸಂಬಳವನ್ನು ಎದೆ ಇಳಿಸುವ ಎಣ್ಣೆಗೂ ಗುಳಿಗೆಗೂ ಸುರಿದಿದ್ದನೆಂಬುದು ಆಮೇಲೆ ತಿಳಿಯಿತು. ಎಣ್ಣೆಯಿಂದ ಚರ್ಮ ಕೆಂಪಾಗಿ ಬೊಬ್ಬೆ ಎದ್ದಿತೇ ಹೊರತು ಮತ್ತೇನೂ ಆಗಲಿಲ್ಲ. ಸಾರ್ವಜನಿಕ ಆಸ್ಪತ್ರೆಯೊಂದಕ್ಕೆ ಕರೆದೊಯ್ದಾಗ ವೈದ್ಯರು ಬೇರೆ ರೋಗವಿಲ್ಲವೆಂದು ರಕ್ತ ಪರೀಕ್ಷೆಯಿಂದ ಖಚಿತಪಡಿಸಿಕೊಂಡು, ಐದು ವರ್ಷಗಳಿಂದ ಇಳಿಯದ ಗ್ರಂಥಿಯನ್ನು ಶಸ್ತ್ರಕ್ರಿಯೆಯಿಂದ ತೆಗೆದರು. ಅವನು ಇಂದು ಬೇರೊಂದು ಊರಿನಲ್ಲಿ ಸ್ವಂತ ಕ್ಯಾಂಟೀನು ನಡೆಸುತ್ತಾನೆ. ಅದೇ ವರ್ಷ ನಮ್ಮ ಪರಿಚಯದ ವ್ಯಾಪಾರಿಯೊಬ್ಬರು ತಮ್ಮ ಹದಿನಾಲ್ಕರ ಮಗನಿಗೆ ಕೂಡಲೇ ಶಸ್ತ್ರಕ್ರಿಯೆ ಮಾಡಿಸಹೊರಟಿದ್ದರು. ಕಾಯಿರಿ ಎಂದು ವೈದ್ಯರು ತಡೆದರು. ಒಂದೂವರೆ ವರ್ಷದಲ್ಲಿ ಎಲ್ಲವೂ ತಾನಾಗಿ ಇಳಿದುಹೋಯಿತು. ಒಬ್ಬನಿಗೆ ಕತ್ತಿ ಬೇಕಿತ್ತು, ಇನ್ನೊಬ್ಬನಿಗೆ ಬೇಡವಾಗಿತ್ತು. ಈ ಭೇದವನ್ನು ಹೇಳಬಲ್ಲವನು ವೈದ್ಯನೊಬ್ಬನೇ. ಎಣ್ಣೆ ಮಾರುವವನಲ್ಲ, ನಗುವವನಂತೂ ಅಲ್ಲ.

ಎಣ್ಣೆ ಮಾರುವವರ ವಿಷಯದಲ್ಲಿ ಸರಕಾರದ ಕಾಯಿದೆ ಏನು ಹೇಳುತ್ತದೆ? ಆಕ್ಷೇಪಾರ್ಹ ಔಷಧ ಜಾಹೀರಾತುಗಳನ್ನು ತಡೆಯಲೆಂದು 1954ರಲ್ಲಿಯೇ ನಮ್ಮ ಸಂಸತ್ತು ಕಾಯಿದೆಯೊಂದನ್ನು ಮಾಡಿತು. ಯಾವ ಯಾವ ಬಾಧೆಗಳಿಗೆ ಮದ್ದುಂಟೆಂದು ಸಾರಬಾರದೆಂಬ ಪಟ್ಟಿ ಅದರಲ್ಲುಂಟು. ಆ ಪಟ್ಟಿಯಲ್ಲಿ ಸ್ತ್ರೀಯರ ಎದೆಯ ಆಕಾರ ಮತ್ತು ರಚನೆಯ ಉಲ್ಲೇಖವಿದೆ. ಗಂಡಸರ ಎದೆಯ ಉಲ್ಲೇಖ ಪ್ರತ್ಯೇಕವಾಗಿ ಇಲ್ಲ. ಗಂಡಸರೂ ಈ ವಿಷಯದಲ್ಲಿ ಮೋಸಹೋದಾರೆಂದು ಅಂದಿನ ಶಾಸನಕರ್ತರಿಗೆ ಹೊಳೆದಿರಲಿಕ್ಕಿಲ್ಲ. ಇಂದು ಹೊಳೆಯಬೇಕಾಗಿದೆ. ಬೆಳೆದು ಗಟ್ಟಿಯಾದ ಗ್ರಂಥಿಯನ್ನು ಹೊರಗಿನಿಂದ ಉಜ್ಜಿ ಕರಗಿಸುವ ಎಣ್ಣೆಯಾಗಲಿ ಲೇಪವಾಗಲಿ ಇಲ್ಲ. ವ್ಯಾಯಾಮದಿಂದ ಕೊಬ್ಬು ಕರಗೀತು, ಗ್ರಂಥಿ ಕರಗದು. ಬಾಧೆ ಹೊಸದಾಗಿ ನೋವಿನಿಂದ ಕೂಡಿರುವಾಗ ಟ್ಯಾಮಾಕ್ಸಿಫೆನ್‌ನಂಥ ಮದ್ದನ್ನು ತಜ್ಞರು ಕೆಲವರಿಗೆ ಕೊಡುವುದುಂಟು. ವರ್ಷ ಕಳೆದು ಗ್ರಂಥಿ ನಾರಿನಂತೆ ಗಟ್ಟಿಯಾದ ಮೇಲೆ ಅದರಿಂದಲೂ ಹೆಚ್ಚಿನ ಪ್ರಯೋಜನವಿಲ್ಲ. ಆಗ ಉಳಿಯುವ ದಾರಿಗಳು ಎರಡೇ: ಅದರೊಡನೆ ನೆಮ್ಮದಿಯಿಂದ ಬಾಳುವುದು, ಇಲ್ಲವೆ ಶಸ್ತ್ರಕ್ರಿಯೆ.

ಈ ಶಸ್ತ್ರಕ್ರಿಯೆ ಇಂದಿನ ಸಿನಿಮಾ ಯುಗದ ಷೋಕಿಯೆಂದು ತಿಳಿದವರು ಚರಿತ್ರೆಯನ್ನು ಅರಿಯದವರು. ಏಳನೆಯ ಶತಮಾನದಲ್ಲಿ ಗ್ರೀಸಿನ ಈಜಿನಾ ದ್ವೀಪದ ಪೌಲನೆಂಬ ವೈದ್ಯನು ತನ್ನ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾನೆ. ಎದೆಯ ಕೆಳಗೆ ಅರ್ಧಚಂದ್ರಾಕಾರದಲ್ಲಿ ಕೊಯ್ದು, ಒಳಗಿನದನ್ನು ತೆಗೆದು, ಹೊಲಿಗೆ ಹಾಕುವ ವಿಧಾನ ಅವನದು. ಹರೆಯದಲ್ಲಿ ಗಂಡುಹುಡುಗರ ಎದೆಯೂ ಸ್ವಲ್ಪ ಉಬ್ಬುವುದೆಂದೂ ಬಹುಪಾಲು ತಾನಾಗಿ ಇಳಿಯುವುದೆಂದೂ, ಇಳಿಯದೆ ಬೆಳೆದದ್ದು ಹೆಣ್ಣಿಗತನದ ನಿಂದೆಗೆ ಗುರಿಮಾಡುವುದರಿಂದ ಕೊಯ್ದು ತೆಗೆಯುವುದು ಯುಕ್ತವೆಂದೂ ಅವನು ಆಗಲೇ ಕಂಡುಕೊಂಡಿದ್ದ. 1000ನೆಯ ಇಸವಿಯ ಆಸುಪಾಸಿನಲ್ಲಿ ಸ್ಪೇನಿನ ಕಾರ್ಡೋವಾದ ಅರಬ್ಬಿ ವೈದ್ಯ ಅಲ್ ಜಹರಾವಿಯೂ ಇದನ್ನು ಬರೆದಿಟ್ಟನು. 1946ರಲ್ಲಿ ಅಮೆರಿಕದ ಜೆರೋಮ್ ವೆಬ್‌ಸ್ಟರ್ ಮೊಲೆತೊಟ್ಟಿನ ಸುತ್ತಲಿನ ಕಪ್ಪು ವರ್ತುಲದ ಅಂಚಿನಲ್ಲಿಯೇ ಕೊಯ್ಯುವ ವಿಧಾನವನ್ನು ಪ್ರಕಟಿಸಿದ ಮೇಲೆ ಗಾಯದ ಗುರುತು ಹೆಚ್ಚು ಕಡಿಮೆ ಅಡಗಿಹೋಗುವಂತಾಯಿತು. 1973ರಲ್ಲಿ ಸೈಮನ್ ಮತ್ತು ಸಂಗಡಿಗರು ಬಾಧೆಯನ್ನು ಅದರ ಗಾತ್ರಕ್ಕೂ ಜೋತುಬಿದ್ದ ಚರ್ಮಕ್ಕೂ ಅನುಸಾರವಾಗಿ ದರ್ಜೆಗಳಾಗಿ ವಿಂಗಡಿಸಿದರು. 1980ರ ದಶಕದಿಂದ ಸಣ್ಣ ನಳಿಕೆಯ ಮೂಲಕ ಕೊಬ್ಬನ್ನು ಹೀರಿ ತೆಗೆಯುವ ಲೈಪೊಸಕ್ಷನ್ನೂ ಬಂದು ಸೇರಿತು.

ಇಂದು ಸಾಮಾನ್ಯವಾಗಿ ಈ ಎರಡನ್ನೂ ಕೂಡಿಸುತ್ತಾರೆ. ಕೊಬ್ಬನ್ನು ನಳಿಕೆಯಿಂದ ಹೀರಿ, ಗಟ್ಟಿಯಾದ ಗ್ರಂಥಿಯನ್ನು ವರ್ತುಲದ ಅಂಚಿನ ಕೊಯ್ತದಿಂದ ತೆಗೆಯುತ್ತಾರೆ. ತೊಟ್ಟಿನ ಅಡಿಯಲ್ಲಿ ತೆಳುವಾಗಿ ಸ್ವಲ್ಪ ಬಿಡುವುದು ಕುಶಲ ಶಸ್ತ್ರವೈದ್ಯರ ಲಕ್ಷಣ. ಎಲ್ಲವನ್ನೂ ಕೆರೆದು ತೆಗೆದರೆ ತೊಟ್ಟು ತಟ್ಟೆಯಂತೆ ಒಳಕ್ಕೆ ಕುಸಿಯುತ್ತದೆ. ಬಹಳ ದೊಡ್ಡದಾಗಿ ಚರ್ಮವೂ ಜೋತಿದ್ದರೆ ಚರ್ಮವನ್ನೂ ಕತ್ತರಿಸಬೇಕಾಗಿ, ಗುರುತು ಹೆಚ್ಚು ಉಳಿಯುತ್ತದೆ. ಅನೇಕರು ಅದೇ ದಿನ ಇಲ್ಲವೆ ಮರುದಿನ ಮನೆಗೆ ಹೋಗುತ್ತಾರೆ. ಆಮೇಲೆ ಕೆಲವು ವಾರ ಎದೆಯನ್ನು ಬಿಗಿಯುವ ಉಡುಪು ತೊಡಬೇಕು; ಭಾರ ಎತ್ತುವ ಕೆಲಸಕ್ಕೆ ನಾಲ್ಕರಿಂದ ಆರು ವಾರ ಹೋಗಬಾರದು.

ಆದರೆ ಶಸ್ತ್ರಕ್ರಿಯೆ ಎಂದಮೇಲೆ ಅಪಾಯವೂ ಇದ್ದೇ ಇದೆ. ಒಳಗೆ ರಕ್ತ ಕಟ್ಟಿಕೊಳ್ಳಬಹುದು; ನೀರು ತುಂಬಿಕೊಳ್ಳಬಹುದು; ತೊಟ್ಟಿನ ಸ್ಪರ್ಶಜ್ಞಾನ ಕೆಲಕಾಲ, ಒಮ್ಮೊಮ್ಮೆ ಶಾಶ್ವತವಾಗಿಯೂ, ಮಂದವಾಗಬಹುದು; ಎರಡು ಪಕ್ಕಗಳು ಸರಿಸಮವಾಗದಿರಬಹುದು; ಕಾರಣ ಉಳಿದುಕೊಂಡಿದ್ದರೆ ಬಾಧೆ ಮರಳಿಯೂ ಬರಬಹುದು. ಅರ್ಧ ದಿನದಲ್ಲಿ, ನೋವಿಲ್ಲದೆ, ಗುರುತಿಲ್ಲದೆ ಎಂದು ಪರದೆಯ ಮೇಲೆ ಸಾರುವವರು ಈ ಯಾವುದನ್ನೂ ಹೇಳುವುದಿಲ್ಲ. ಕಂತಿನ ಸಾಲ ಕೊಡುತ್ತೇವೆಂಬುದನ್ನು ಮಾತ್ರ ದಪ್ಪಕ್ಷರದಲ್ಲಿ ಹೇಳುತ್ತಾರೆ. ವೈದ್ಯರು ಜಾಹೀರಾತಿನಿಂದ ರೋಗಿಗಳನ್ನು ಕರೆಯಬಾರದೆಂದು 2002ರ ವೈದ್ಯಕೀಯ ನಡವಳಿಕೆಯ ನಿಯಮಗಳು ವಿಧಿಸಿವೆ. ಆದುದರಿಂದ ಹೆಚ್ಚು ಕೂಗುವ ಬಾಗಿಲಿಗಿಂತ ಕೂಗದ ಬಾಗಿಲೇ ಲೇಸು. ಶಸ್ತ್ರಕ್ರಿಯೆ ಮಾಡುವವರಿಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿ.ಎಚ್. ಅಥವಾ ಡಿ.ಎನ್.ಬಿ. ಪದವಿ ಇದೆಯೆ, ಅರಿವಳಿಕೆ ಕೊಡುವ ತಜ್ಞರು ಇರುತ್ತಾರೆಯೆ, ತೆಗೆದ ಗ್ರಂಥಿಯನ್ನು ಪರೀಕ್ಷೆಗೆ ಕಳುಹಿಸುತ್ತಾರೆಯೆ ಎಂಬ ಮೂರು ಪ್ರಶ್ನೆಗಳನ್ನು ಕೇಳಲು ಯಾರೂ ಅಂಜಬಾರದು. ಮುಂಬಯಿಯ ಕೆ.ಇ.ಎಂ., ಸಯನ್, ನಾಯರ್, ಜೆ.ಜೆ. ಆಸ್ಪತ್ರೆಗಳಲ್ಲಿ ಪ್ಲಾಸ್ಟಿಕ್ ಸರ್ಜರಿಯ ವಿಭಾಗಗಳಿವೆ. ಹೊರರೋಗಿಗಳ ಸಾಲಿನಲ್ಲಿ ನಿಲ್ಲಬೇಕಾದೀತು, ನಿಜ. ಆದರೆ ಅಲ್ಲಿ ಮೊದಲು ಪರೀಕ್ಷೆ, ಆಮೇಲೆ ಕತ್ತಿ.

ಈಗ ಎರಡು ಆಕ್ಷೇಪಗಳನ್ನು ವಿಚಾರಿಸೋಣ. ಪ್ರಾಣಕ್ಕೆ ಅಪಾಯವಿಲ್ಲದ ಬಾಧೆಗೆ ಶಸ್ತ್ರಕ್ರಿಯೆ ಏಕೆ, ಗಂಡಸಿಗೆ ಸೌಂದರ್ಯದ ಗೊಡವೆ ಏಕೆ ಎಂಬುದು ಮೊದಲನೆಯದು. ಹೀಗೆ ಕೇಳುವವರು ನಮ್ಮ ದೇಶದ್ದೇ ಒಂದು ಸಂಗತಿಯನ್ನು ನೆನೆಯಲಿ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡಿನ ಎತ್ತುಗಳನ್ನು ಹೊಡೆಯುತ್ತಿದ್ದ ಕವಾಸ್‌ಜಿ ಎಂಬ ಮರಾಠಿಗನು ಟೀಪೂವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬನು ಅವನ ಹಣೆಯ ಚರ್ಮದಿಂದ ಹೊಸ ಮೂಗನ್ನು ಕಟ್ಟಿಕೊಟ್ಟನು. 1794ರಲ್ಲಿ ಲಂಡನ್ನಿನ ನಿಯತಕಾಲಿಕವೊಂದರಲ್ಲಿ ಚಿತ್ರಸಮೇತ ಅಚ್ಚಾದ ಆ ವರದಿ ಪಾಶ್ಚಾತ್ಯ ವೈದ್ಯರ ಕಣ್ಣು ತೆರೆಯಿತು. ಮೂಗಿಲ್ಲದೆ ಕವಾಸ್‌ಜಿ ಬದುಕುತ್ತಿರಲಿಲ್ಲವೆ? ಬದುಕುತ್ತಿದ್ದ, ತಲೆ ಎತ್ತಿ ನಡೆಯುತ್ತಿರಲಿಲ್ಲ. ಸುಶ್ರುತನ ಕಾಲದಿಂದ ಈ ನೆಲದಲ್ಲಿ ಮೂಗು ಕಟ್ಟುವ ವಿದ್ಯೆ ಬೆಳೆದುಬಂದದ್ದು ಪ್ರಾಣ ಉಳಿಸಲೆಂದಲ್ಲ, ಮಾನ ಉಳಿಸಲೆಂದು. ಮಾನಕ್ಕಾಗಿ ಮಾಡುವ ಶಸ್ತ್ರಕ್ರಿಯೆ ನಮಗೆ ಹೊಸದಲ್ಲ, ಅಗೌರವದ್ದೂ ಅಲ್ಲ.

ನಗುವವರ ಬಾಯಿ ಮುಚ್ಚಿಸುವ ಬದಲು ಹುಡುಗನ ಮೈಯನ್ನು ಕೊಯ್ಯುವುದು ನ್ಯಾಯವೆ ಎಂಬುದು ಎರಡನೆಯ ಆಕ್ಷೇಪ. ಇದು ಮೊದಲನೆಯದಕ್ಕಿಂತ ತೂಕವುಳ್ಳದ್ದು. ಈ ಬಾಧೆಯೊಡನೆ ಯಾವ ಕೊರಗೂ ಇಲ್ಲದೆ ಬಾಳುವ ಗಂಡಸರು ಎಷ್ಟೋ ಮಂದಿ ಇದ್ದಾರೆ. ಬೇರೆ ರೋಗವಿಲ್ಲವೆಂದು ತಿಳಿದ ಮೇಲೆ ಅವರು ಕತ್ತಿಯ ಬಳಿ ಸುಳಿಯಬೇಕಾದ ಅಗತ್ಯವೇ ಇಲ್ಲ. ನಗೆಗೆ ಅಂಜಿ ಶಸ್ತ್ರಕ್ರಿಯೆಗೆ ಓಡುವುದೂ ತಪ್ಪು, ನಗೆಗೆ ಅಂಜಿ ವೈದ್ಯರಿಂದ ಅಡಗಿಕೊಳ್ಳುವುದೂ ತಪ್ಪು. ನಗೆ ಇಲ್ಲದಿದ್ದರೆ ಶಸ್ತ್ರಕ್ರಿಯೆ ಬೇಡವೆನ್ನುವವರ ಸಂಖ್ಯೆ ಹೆಚ್ಚೀತು. ಬೇಕೆನ್ನುವವರೂ ಸಕಾಲದಲ್ಲಿ ಬಂದಾರು. ಹೀಗಾಗಿ ನಗೆಯನ್ನು ನಿಲ್ಲಿಸುವುದೂ ಚಿಕಿತ್ಸೆಯ ಒಂದು ಭಾಗವೇ ಸರಿ.

ಅಡಗಿಕೊಳ್ಳುವುದರಿಂದ ಪ್ರಾಣವೇ ಹೋಗುವ ಸಂದರ್ಭವೂ ಉಂಟು. ಗಂಡಸರಿಗೂ ಎದೆಯ ಕ್ಯಾನ್ಸರ್ ಬರುತ್ತದೆ. ಎಲ್ಲ ಸ್ತನ ಕ್ಯಾನ್ಸರುಗಳಲ್ಲಿ ಇದು ನೂರಕ್ಕೆ ಒಂದರಷ್ಟೂ ಇಲ್ಲ. ಆದರೂ ಬಂದವನು ನಾಚಿಕೆಯಿಂದ ತಡಮಾಡುವನೆಂಬುದೇ ಅದರ ಕೇಡು. ಒಂದೇ ಪಕ್ಕದಲ್ಲಿ, ತೊಟ್ಟಿನ ನಡುವಿಗಲ್ಲದೆ ಬದಿಗೆ, ಕಲ್ಲಿನಂತೆ ಗಟ್ಟಿಯಾದ ಗಂಟು; ತೊಟ್ಟಿನಿಂದ ರಕ್ತ; ಚರ್ಮ ಒಳಕ್ಕೆ ಎಳೆದುಕೊಳ್ಳುವುದು; ಕಂಕುಳಲ್ಲಿ ಗಡ್ಡೆ; ಇವುಗಳಲ್ಲಿ ಯಾವುದೊಂದು ಕಂಡರೂ ಮರುದಿನವೇ ವೈದ್ಯರಲ್ಲಿಗೆ ಹೋಗತಕ್ಕದ್ದು. ಐವತ್ತು ದಾಟಿದ ವಾಚಕರು ಈ ಸಾಲುಗಳನ್ನು ಎರಡು ಸಲ ಓದಲೆಂದು ಪ್ರಾರ್ಥನೆ.

ವಿಮೆಯ ಮಾತೂ ಒಂದುಂಟು. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಏಕರೂಪಗೊಳಿಸಿದ ನಿಯಮಗಳ ಪ್ರಕಾರ ರೂಪ ತಿದ್ದುವ ಶಸ್ತ್ರಕ್ರಿಯೆಗೆ ವಿಮೆಯ ಹಣ ಸಲ್ಲದು. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಇವುಗಳ ನಂತರದ ಪುನಾರಚನೆಗೂ, ಆರೋಗ್ಯಕ್ಕೆ ನೇರವಾದ ಅಪಾಯವಿದೆಯೆಂದು ವೈದ್ಯರು ಪ್ರಮಾಣಪತ್ರ ಕೊಟ್ಟಾಗಲೂ ಮಾತ್ರ ವಿನಾಯಿತಿ. ಶ್ರೀಮಂತರ ಷೋಕಿಗೆ ಹತ್ತು ಜನರ ವಂತಿಗೆಯಿಂದ ಹಣ ಕೊಡಬಾರದೆಂಬುದು ಸರಿಯೇ. ಆದರೆ ಪರೀಕ್ಷಿಸಿ ರೋಗವೆಂದು ನಿರ್ಧರಿಸಿದ, ಎರಡು ಮೂರು ವರ್ಷಗಳಿಂದ ಇಳಿಯದ, ನೋವೂ ಮನೋವ್ಯಥೆಯೂ ಉಳ್ಳ ಗ್ರಂಥಿಯನ್ನು ಮೂಗಿನ ಅಂದ ತಿದ್ದಿಸಿಕೊಳ್ಳುವ ಷೋಕಿಯ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಪ್ರಾಧಿಕಾರವು ಈ ಭೇದವನ್ನು ಸ್ಪಷ್ಟವಾದ ಮಾತುಗಳಲ್ಲಿ ಬರೆದಿಡಬೇಕು. ಅಷ್ಟಾದರೆ ದುಡಿಯುವ ಹುಡುಗರು ಕಂತಿನ ಸಾಲಕ್ಕೆ ಕೊರಳೊಡ್ಡುವುದು ತಪ್ಪುತ್ತದೆ.

ಕೊನೆಯದಾಗಿ ನಮ್ಮವರು ಮಾಡಬೇಕಾದದ್ದು. ತಂದೆತಾಯಂದಿರು, ಅದರಲ್ಲೂ ತಂದೆ, ಹನ್ನೆರಡು ಹದಿಮೂರರ ಮಗನಿಗೆ ಇದು ಬರಬಹುದೆಂದೂ ಬಹುಪಾಲು ಹೋಗುವುದೆಂದೂ ಮೊದಲೇ ಹೇಳಿಡಲಿ. ಎರಡು ವರ್ಷವಾದರೂ ಹೋಗದಿದ್ದರೆ, ವೃಷಣದಲ್ಲಿ ಗಂಟೋ ಬಾವೋ ಇದ್ದರೆ ಅದಕ್ಕಿಂತ ಮೊದಲೇ, ತಾನೇ ಕೈಹಿಡಿದು ವೈದ್ಯರಲ್ಲಿಗೆ ಕರೆದೊಯ್ಯಲಿ. ನಮ್ಮ ಹೋಟೆಲು ಮಾಲಕರು ಸ್ನಾನದ ನಳಕ್ಕೆ ಒಂದು ಬಾಗಿಲನ್ನಾದರೂ ಹಾಕಿಸಲಿ; ಖರ್ಚು ಒಂದು ದಿನದ ಗಲ್ಲೆಯಷ್ಟೂ ಆಗದು. ಶಸ್ತ್ರಕ್ರಿಯೆಯಾಗಿ ಬಂದ ಹುಡುಗನಿಗೆ ಅಕ್ಕಿಯ ಮೂಟೆಯನ್ನೂ ಸಾಂಬಾರಿನ ಹಂಡೆಯನ್ನೂ ಆರು ವಾರ ಹೊರಿಸದೆ ಕೂಪನು ಹರಿಯುವ ಕೆಲಸ ಕೊಡಲಿ. ಅಡ್ಡಹೆಸರಿಡುವ ಸಂಗಡಿಗನನ್ನು ಹಿರಿಯ ಭಟ್ಟರೇ ಗದರಿಸಲಿ. ಅಡುಗೆಮನೆಯಲ್ಲಿ ಅವರ ಮಾತಿಗೆ ಮಾಲಕರ ಮಾತಿಗಿಂತ ಬೆಲೆ ಹೆಚ್ಚು. ಊರಿನ ಸಂಘಗಳು ವರ್ಷಂಪ್ರತಿ ನಡೆಸುವ ಆರೋಗ್ಯ ತಪಾಸಣಾ ಶಿಬಿರಗಳಲ್ಲಿ ಸಕ್ಕರೆ, ರಕ್ತದೊತ್ತಡಗಳ ಜೊತೆಗೆ ಪರದೆಯ ಹಿಂದೆ ಹುಡುಗರ ಮಾತು ಕೇಳುವ ವೈದ್ಯರೊಬ್ಬರನ್ನೂ ಕೂರಿಸಲಿ.

ಪತ್ರಿಕೆಗಳ ಕರ್ತವ್ಯವೂ ಉಂಟು. ಎದೆ ಇಳಿಸುವ ಎಣ್ಣೆ, ಗುಳಿಗೆ, ಒಂದೇ ದಿನದ ಶಸ್ತ್ರಕ್ರಿಯೆ ಇವುಗಳ ಜಾಹೀರಾತುಗಳಿಗೆ ಈ ಪತ್ರಿಕೆಯಲ್ಲಿ ಎಡೆಯಿಲ್ಲ. ಇವು ಹಣ ತರುವ ಜಾಹೀರಾತುಗಳು. ಕಾಗದದ ಬೆಲೆ ಏರಿರುವ ಈ ದಿನಗ್ಳಲ್ಲಿ ಅದರಿಂದ ನಷ್ಟವಿದೆಯೆಂಬುದನ್ನು ನಾವು ಬಲ್ಲೆವು. ಆದರೆ ಮಾಣಿಯೊಬ್ಬನ ಮೂರು ತಿಂಗಳ ಸಂಬಳದಿಂದ ತುಂಬುವ ಪುಟ ನಮಗೆ ಬೇಡ. ಇತರ ಪತ್ರಿಕೆಗಳವರೂ ಹೀಗೆಯೇ ನಿಶ್ಚಯಿಸಿದರೆ ಕಾಯಿದೆ ತಿದ್ದುಪಡಿಯಾಗುವವರೆಗೆ ಕಾಯಬೇಕಾಗಿಲ್ಲ.

ಈ ಬರಹವನ್ನು ಓದುತ್ತಿರುವ ಹುಡುಗರಲ್ಲಿ ಈ ಬಾಧೆಯುಳ್ಳವರು ಇದ್ದೇ ಇರುತ್ತಾರೆ. ಅವರಿಗೆ ನಮ್ಮ ಮಾತು ಇಷ್ಟೇ: ಅಪ್ಪಾ, ನಿನ್ನಲ್ಲಿ ದೋಷವಿಲ್ಲ. ವೈದ್ಯರ ಮುಂದೆ ಅಂಗಿ ಕಳಚು. ಕಾಯೆಂದರೆ ಕಾಯಿ; ಮದ್ದೆಂದರೆ ಮದ್ದು; ಶಸ್ತ್ರಕ್ರಿಯೆಯೇ ಬೇಕೆಂದರೆ ಪದವಿ ನೋಡಿ, ಪ್ರಶ್ನೆ ಕೇಳಿ, ಧೈರ್ಯದಿಂದ ಮಾಡಿಸಿಕೋ. ಬೇಡವೆನಿಸಿದರೆ ಹಾಗೆಯೇ ತಲೆ ಎತ್ತಿ ನಡೆ. ನಿರ್ಧಾರ ನಿನ್ನದು ಮತ್ತು ವೈದ್ಯರದು. ನಗುವವರಿಗೆ ಅದರಲ್ಲಿ ಮತವಿಲ್ಲ.